8 ಅಲ್ಲ, ಬಿ: ಅಮೆರಿಕದ ಹಳೇ ಕಾರುಗಳ ಕಾರ್ಬುರೇಟರ್ ಓದಲು ಕಲಿತ ಕಥೆ

ರಾತ್ರಿ ಹತ್ತಕ್ಕೆ ಊಟ ಮುಗಿಸಿ ನಾವಿಬ್ಬರೂ ಲ್ಯಾಪ್‌ಟಾಪ್ ತೆರೆದು ಕೂರುತ್ತಿದ್ದೆವು. ಹಾವೇರಿಯಲ್ಲಿ ಒಂದು ಬಾಡಿಗೆ ಕೋಣೆ, ಕೆಳಗೆ ಗೊಬ್ಬರದ ಅಂಗಡಿ. ನಮ್ಮೂರ ಕಡೆಯ ಕೊನೇ ಬಸ್ಸು ಅಷ್ಟೊತ್ತಿಗೆ ಹೋಗಿರುತ್ತಿತ್ತು. ಊರೆಲ್ಲ ಮಲಗುವ ಹೊತ್ತಿಗೆ ಅಮೆರಿಕದಲ್ಲಿ ಮಧ್ಯಾಹ್ನ. ಅದಕ್ಕೇ ನಾವು ಎಚ್ಚರ ಇರಬೇಕಿತ್ತು.

ಪತ್ರಿಕೋದ್ಯಮ ಓದಿ ಹೊರಬಂದ ವರ್ಷ ಅದು. ಪತ್ರಿಕೆಗಳಿಗೆ ಅರ್ಜಿ ಹಾಕಿದ್ದೆವು. ಒಂದೆರಡು ಕಡೆ ಕರೆದರು, ಆದರೆ ಅವರು ಹೇಳಿದ ಸಂಬಳ ಬಸ್ ಚಾರ್ಜಿಗೂ ಸಾಲುತ್ತಿರಲಿಲ್ಲ. ಆಗ ಸೀನಿಯರ್ ಒಬ್ಬರು ಆನ್‌ಲೈನ್ ಕೆಲಸವೊಂದನ್ನು ತೋರಿಸಿದರು. ಅಮೆರಿಕದ ಹಳೇ ಕಾರುಗಳ ಬಿಡಿಭಾಗ ಮಾರುವವರು ಫೋಟೊ ಕಳಿಸುತ್ತಾರೆ. ಅದನ್ನು ನೋಡಿ ಯಾವ ಭಾಗ, ಯಾವ ಕಾರಿನದು, ಯಾವ ವರ್ಷದ್ದು, ಹೇಗಿದೆ ಎಂದು ಹತ್ತು ಸಾಲು ಬರೆಯಬೇಕು. ಒಂದು ವಸ್ತುವಿಗೆ ಇಷ್ಟು ಎಂದು ಹಣ.

ನಮಗೆ ಬಂದ ಮೊದಲ ಕಂತಿನಲ್ಲಿದ್ದದ್ದೆಲ್ಲ ಕಾರ್ಬುರೇಟರ್‌ಗಳು.

ನಮ್ಮೂರುಗಳಲ್ಲಿ ಇದನ್ನು ಕಾರ್ಬೇಟರ್ ಅನ್ನುತ್ತಾರೆ. ಬೈಕು ಬೆಳಿಗ್ಗೆ ಸ್ಟಾರ್ಟ್ ಆಗದಿದ್ದರೆ ಮೆಕ್ಯಾನಿಕ್ ಮೊದಲು ಬಿಚ್ಚಿ ಊದುವುದು ಅದನ್ನೇ. ಪೆಟ್ರೋಲನ್ನು ಸಣ್ಣ ತೂತಿನಿಂದ ಎಳೆದು, ಗಾಳಿಯ ಜೊತೆ ಬೆರೆಸಿ, ಎಂಜಿನ್ನಿಗೆ ಕಳಿಸುವುದು ಅದರ ಕೆಲಸ. ಈಗಿನ ಹೊಸ ಬೈಕುಗಳಲ್ಲಿ ಅದು ಇಲ್ಲ, ಅದರ ಜಾಗಕ್ಕೆ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಹಳೇ ಬೈಕು ಇಟ್ಟುಕೊಂಡವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಆದರೆ ನಮಗೆ ಬಂದ ಫೋಟೊಗಳಲ್ಲಿದ್ದವು ಬೈಕಿನವಲ್ಲ. ಒಂದೊಂದೂ ನಮ್ಮ ಅನ್ನದ ಪಾತ್ರೆಯಷ್ಟು ದೊಡ್ಡದು, ನಾಲ್ಕು ಬಾಯಿ. ಇಂಥದ್ದಕ್ಕೆ ಯಾರಾದರೂ ಸಾವಿರ ಡಾಲರ್ ಕೊಡುತ್ತಾರೆಯೇ ಎಂದು ನಾವು ನಕ್ಕೆವು. ಆ ನಗು ಬಹಳ ದಿನ ಉಳಿಯಲಿಲ್ಲ.

ತೋಳ್ಬಲದ ಕಾರುಗಳು

1960ರ ದಶಕದಲ್ಲಿ ಅಮೆರಿಕದ ಕಂಪನಿಗಳು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಟು ಸಿಲಿಂಡರಿನ ಎಂಜಿನ್ ಕೂರಿಸಿ ಯುವಕರಿಗೆ ಮಾರತೊಡಗಿದವು. ಇವಕ್ಕೆ ಮಸಲ್ ಕಾರ್ ಎಂದು ಹೆಸರು ಬಂತು. 1964ರ ಪಾಂಟಿಯಾಕ್ ಜಿಟಿಒದಿಂದ ಇದು ಶುರುವಾಯಿತು ಎಂದು ಹೆಚ್ಚಿನವರು ಹೇಳುತ್ತಾರೆ. ಆಮೇಲೆ ಷೆವರ್ಲೆ, ಫೋರ್ಡ್, ಡಾಡ್ಜ್, ಪ್ಲೈಮತ್ ಎಲ್ಲರೂ ಪೈಪೋಟಿಗೆ ಇಳಿದರು. 1970ರ ದಶಕದ ಆರಂಭದಲ್ಲಿ ಹೊಗೆ ನಿಯಂತ್ರಣದ ಕಾನೂನು ಬಿಗಿಯಾಯಿತು, ವಿಮೆ ದುಬಾರಿಯಾಯಿತು, 1973ರಲ್ಲಿ ತೈಲ ಬಿಕ್ಕಟ್ಟು ಬಂತು. ಆ ಕಾಲ ಮುಗಿಯಿತು.

ಆಗ ಯಾರಿಗೂ ಇವು ಮುಂದೆ ಬೆಲೆಬಾಳುತ್ತವೆ ಅನಿಸಿರಲಿಲ್ಲ. ಹುಡುಗರು ಓಡಿಸಿದರು, ಗುದ್ದಿಸಿದರು, ಗುಜರಿಗೆ ಹಾಕಿದರು. ಕಾರ್ಬುರೇಟರ್ ಕೆಟ್ಟರೆ ಅಂಗಡಿಯಿಂದ ಇನ್ನೊಂದು ತಂದು ಹಾಕಿ ಹಳೇದನ್ನು ಎಸೆದರು. ಹೀಗೆ ಕಾರು ಉಳಿದರೂ ಅದರ ಜೊತೆ ಕಾರ್ಖಾನೆಯಿಂದ ಬಂದ ಕಾರ್ಬುರೇಟರ್ ಉಳಿದದ್ದು ಕಡಿಮೆ. ಈಗ ಅದೇ ಕಾರುಗಳನ್ನು ಕಾರ್ಖಾನೆಯಿಂದ ಬಂದ ದಿನ ಇದ್ದ ಹಾಗೇ ನಿಲ್ಲಿಸಬೇಕು ಅನ್ನುವವರಿದ್ದಾರೆ. ಅವರಿಗೆ ಅದೇ ನಂಬರಿನ, ಅದೇ ಕಾಲದ ಕಾರ್ಬುರೇಟರ್ ಬೇಕು. ಓಡಿಸುವುದಕ್ಕೆ ಮಾತ್ರವಾದರೆ ಹೊಸದು ಸಿಗುತ್ತದೆ, ಚೆನ್ನಾಗಿಯೂ ಓಡುತ್ತದೆ. ಹಳೇದಕ್ಕೆ ಬೆಲೆ ಬಂದದ್ದು ಓಟದಿಂದಲ್ಲ, ಸಾಕ್ಷಿಯಿಂದ.

ಅಜ್ಜನ ಪಾಠ

ಮೊದಲ ವಾರ ನಾವು ಮಾಡಿದ ತಪ್ಪು ಒಂದೇ. ಹೊಳೆಯುವುದನ್ನು ಒಳ್ಳೆಯದು ಎಂದು ಬರೆದೆವು, ಕೊಳೆ ಹಿಡಿದದ್ದನ್ನು ಸಾಧಾರಣ ಎಂದು ಬರೆದೆವು. ಅಲ್ಲಿಂದ ಎಲ್ಲ ವಾಪಸ್ ಬಂತು.

ಆ ಭಾನುವಾರ ಊರಿಗೆ ಹೋದಾಗ ನಮ್ಮಲ್ಲೊಬ್ಬರ ಅಜ್ಜನ ಮುಂದೆ ಈ ಕಥೆ ಹೇಳಿದೆವು. ಅಜ್ಜ ಮೊದಲು ದನದ ವ್ಯಾಪಾರ ಮಾಡುತ್ತಿದ್ದವರು. ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ರೇಟು ಕುದುರಿಸಿದ ಕೈ. ಅಜ್ಜ ಎಲೆ ಅಡಿಕೆ ಮೆಲ್ಲುತ್ತಾ ಹೇಳಿದರು: "ಸಂತಿಗಿ ತರೂ ಮೊದಲ ಕೋಡು ಹೆರಿಸಿ ಬಣ್ಣಾ ಹಚ್ಚತಾರ್ರಪಾ. ಕೋಡು ನೋಡಿ ರೊಕ್ಕಾ ಕೊಟ್ಟಾಂವ ಮನಿಗಿ ಹೋಗಿ ಅಳತಾನ. ಬಾಯಿ ತಗದು ಹಲ್ಲು ನೋಡ್ರಿ. ಎರಡ ಹಲ್ಲೋ, ನಾಕ ಹಲ್ಲೋ, ಬಾಯಿ ಗೂಡೇತೋ, ಅದು ಸುಳ್ಳ ಹೇಳಂಗಿಲ್ಲ."

ಕಾರ್ಬುರೇಟರಿಗೂ ಹಲ್ಲು ಇರುತ್ತದೆ ಎಂದು ನಮಗೆ ಗೊತ್ತಾದದ್ದು ಆಮೇಲೆ. ಲೋಹದ ಮೇಲೆ ಒತ್ತಿದ ನಂಬರುಗಳೇ ಅದರ ಹಲ್ಲು.

ನಂಬರು ಓದುವುದು ಹೇಗೆ

ಆ ಕಾಲದ ಕಾರುಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಕಂಪನಿಯ ಕಾರ್ಬುರೇಟರ್‌ಗಳು: ರೋಚೆಸ್ಟರ್, ಹಾಲಿ, ಕಾರ್ಟರ್. ಎರಡನೆಯ ಹೆಸರು ನಮಗೆ ಬಹಳ ದಿನ ನಗು ತರಿಸಿತು. ಹಾಲಿ ಶಾಸಕ, ಮಾಜಿ ಶಾಸಕ ಎಂದು ಬರೆದು ರೂಢಿಯಾದ ಕೈಗೆ 'ಹಾಲಿ ಕಾರ್ಬುರೇಟರ್' ಅಂದರೆ ಎಲ್ಲೋ ಮಾಜಿ ಕಾರ್ಬುರೇಟರ್ ಕೂಡ ಇದೆ ಅನಿಸುತ್ತಿತ್ತು.

ರೋಚೆಸ್ಟರ್ ಕಂಪನಿಯದು ಕ್ವಾಡ್ರಾಜೆಟ್ ಎಂಬ ನಾಲ್ಕು ಬಾಯಿಯದು, 1965ರಿಂದ ಬಂದದ್ದು. ಜನರಲ್ ಮೋಟಾರ್ಸ್‌ನ ಕಾರುಗಳಲ್ಲಿ ಇದೇ ಹೆಚ್ಚು. ಮೊದಲ ಕೆಲ ವರ್ಷ ನಾಣ್ಯದಂಥ ದುಂಡನೆಯ ಬಿಲ್ಲೆಯ ಮೇಲೆ ನಂಬರು ಇರುತ್ತಿತ್ತು. 1968ರಿಂದ ಮೈಮೇಲೆ, ಡ್ರೈವರ್ ಕೂರುವ ಬದಿಯಲ್ಲಿ, ನೆಟ್ಟಗಿನ ಪಟ್ಟಿಯ ಮೇಲೆ ಒತ್ತಿದರು.

ಉದಾಹರಣೆಗೆ 7029203 ಎಂಬ ನಂಬರು. ಮೊದಲಿನ 702 ಅಂದರೆ 1960ರ ದಶಕ. ಅಲ್ಲಿ 704 ಇದ್ದರೆ 1970ರ ದಶಕ. ನಾಲ್ಕನೆಯ ಅಂಕಿ 9, ಅಂದರೆ 1969. ಕೊನೆಯ ಅಂಕಿ ಬೆಸಸಂಖ್ಯೆಯಾದರೆ ಸಾಮಾನ್ಯವಾಗಿ ಕೈಯಿಂದ ಗೇರ್ ಹಾಕುವ ಕಾರಿನದು, ಸಮಸಂಖ್ಯೆಯಾದರೆ ಆಟೋಮ್ಯಾಟಿಕ್ ಕಾರಿನದು. ಒಂದೇ ನಂಬರಿನಲ್ಲಿ ಇಷ್ಟು ವಿಷಯ.

ಅದರ ಪಕ್ಕದಲ್ಲೇ ಇನ್ನೊಂದು ನಾಲ್ಕು ಅಂಕಿ. 1239 ಎಂದಿದ್ದರೆ ಮೊದಲ ಮೂರು ಅಂಕಿ ವರ್ಷದ ಎಷ್ಟನೆಯ ದಿನ, ಕೊನೆಯದು ವರ್ಷ. 123ನೆಯ ದಿನ ಅಂದರೆ ಮೇ 3. ವರ್ಷ 1969. ಆ ಕಾರ್ಬುರೇಟರ್ ಹುಟ್ಟಿದ ದಿನ ಅದು. ನಮ್ಮೂರಿನ ಹಿರಿಯರಲ್ಲಿ ಎಷ್ಟೋ ಜನರಿಗೆ ಜೂನ್ 1 ಅಂತ ಶಾಲೆಯ ಮಾಸ್ತರು ಬರೆದದ್ದೇ ಹುಟ್ಟಿದ ದಿನ. ಈ ಕಬ್ಬಿಣದಂಗಡಿ ಸಾಮಾನಿಗೆ ನಿಜವಾದ ದಿನವೇ ಇತ್ತು.

ಇದರಲ್ಲಿ ನಾವೊಮ್ಮೆ ಎಡವಿದೆವು. ಒಂದು ಕ್ವಾಡ್ರಾಜೆಟ್ ಮೇಲೆ ಕಾರ್ಟರ್ ಕಂಪನಿಯ ಹೆಸರಿತ್ತು, ದಿನಾಂಕದ ಜಾಗದಲ್ಲಿ ಒಂದು ಅಕ್ಷರ, ಒಂದು ಅಂಕಿ. ನಕಲಿ ಇರಬೇಕು ಎಂದು ಬರೆದುಬಿಟ್ಟೆವು. ಆಮೇಲೆ ಗೊತ್ತಾಯಿತು, ಬೇಡಿಕೆ ಹೆಚ್ಚಾದಾಗ ರೋಚೆಸ್ಟರ್‌ನವರು ಕಾರ್ಟರ್‌ನವರಿಂದಲೂ ಇದನ್ನು ಮಾಡಿಸಿದ್ದರು. ಅವರು ತಮ್ಮ ಪದ್ಧತಿಯಲ್ಲಿ ಅಕ್ಷರದಿಂದ ತಿಂಗಳು, ಅಂಕಿಯಿಂದ ವರ್ಷ ಬರೆದರು. ಅಸಲಿಯನ್ನು ನಕಲಿ ಅನ್ನುವುದೂ ಸುಳ್ಳೇ.

ಫೋರ್ಡ್‌ನ ಲೆಕ್ಕ ಬೇರೆ. ಅವರ ನಂಬರಿನ ಮೊದಲ ಅಕ್ಷರ ಸಿ ಆದರೆ 1960ರ ದಶಕ, ಡಿ ಆದರೆ 1970ರ ದಶಕ. ಎರಡನೆಯದು ವರ್ಷದ ಅಂಕಿ. ನಡುವೆ 9510 ಎಂದು ಬಂದರೆ ಅದು ಕಾರ್ಬುರೇಟರ್ ಎಂದೇ ಅರ್ಥ. ಕ್ರೈಸ್ಲರ್‌ನವರ 426 ಹೆಮಿ ಎಂಜಿನ್ನಿಗೆ ಕಾರ್ಟರ್ ಎಎಫ್‌ಬಿ ಎರಡೆರಡು ಕೂರುತ್ತಿದ್ದವು. ಅವುಗಳ ಗುರುತು ಸ್ಕ್ರೂ ಕೆಳಗೆ ಸಿಕ್ಕಿಸಿದ ಸಣ್ಣ ತಗಡಿನ ಚೀಟಿಯಲ್ಲಿ. ರಿಪೇರಿ ಮಾಡುವಾಗ ಆ ಚೀಟಿ ಕಳೆದುಹೋಗುತ್ತದೆ. ಕಳೆದದ್ದನ್ನು ಹೊಸದಾಗಿ ಮಾಡಿಕೊಡುವವರೂ ಇದ್ದಾರೆ. ಹಾಗಾಗಿ ಚೀಟಿಯೊಂದನ್ನೇ ನೋಡಿ ಮಾತು ಕೊಡಬಾರದು. ದನದ ಕಿವಿಯ ಓಲೆಯನ್ನು ಬೇರೆ ದನಕ್ಕೆ ಹಾಕಿದ ಹಾಗೆ ಅದು.

ಹಾಲಿ ಮತ್ತು ಒಂದು ಗೀಟು

ಹಾಲಿ ಕಂಪನಿಯವರು ಗಾಳಿ ಒಳಹೋಗುವ ಬಾಯಿಯ ಮೇಲ್ಗಡೆ, ಚೋಕ್ ಇರುವಲ್ಲಿ, ನಂಬರು ಒತ್ತುತ್ತಿದ್ದರು. ಲಿಸ್ಟ್ ಎಂಬ ಪದದ ಮುಂದೆ ಬರುವುದು ಹಾಲಿಯ ಸ್ವಂತ ನಂಬರು. ಜನರಲ್ ಮೋಟಾರ್ಸ್ ಕಾರಿಗಾಗಿ ಮಾಡಿದ್ದಾದರೆ ಅದರ ಜೊತೆ ಆ ಕಂಪನಿಯ ಏಳಂಕಿಯ ನಂಬರೂ ಇರುತ್ತದೆ. ಕೆಳಗೆ ದಿನಾಂಕದ ಗುರುತು.

ಇಲ್ಲಿ ಒಂದು ಸಣ್ಣ ಗೀಟು ಎಷ್ಟು ಬೆಲೆ ಬದಲಿಸುತ್ತದೆ ನೋಡಿ. ಲಿಸ್ಟ್ 3310 ಎಂಬುದು 1965ರಲ್ಲಿ ಷೆವರ್ಲೆ ಷೆವೆಲ್‌ನ ಝಡ್-16 ಎಂಬ ಮಾದರಿಗೆ ಬಂದದ್ದು. ಆ ಕಾರು ತಯಾರಾದದ್ದೇ ಸುಮಾರು 200. ಆ ಕಾರ್ಬುರೇಟರ್ ಎಷ್ಟು ಚೆನ್ನಾಗಿತ್ತೆಂದರೆ ಹಾಲಿಯವರು ಅದನ್ನೇ ಅಂಗಡಿಯಲ್ಲೂ ಮಾರಿದರು. ಅಂಗಡಿಗೆ ಬಂದವಕ್ಕೆ 3310ರ ಮುಂದೆ ಗೀಟು ಎಳೆದು 1, 2 ಎಂದು ಸೇರುತ್ತಾ ಹೋಯಿತು. ಗೀಟು ಇರುವುದು ವರ್ಷಗಟ್ಟಲೆ ಮಾರಾಟವಾಯಿತು, ಯಾವ ಗ್ಯಾರೇಜಿನಲ್ಲೂ ಸಿಗುತ್ತದೆ. ಗೀಟು ಇಲ್ಲದೆ, ಕಾರು ಕಂಪನಿಯ ನಂಬರೂ ಇದ್ದು, ಆ ವರ್ಷದ ದಿನಾಂಕವೂ ಇದ್ದರೆ ಅದರ ಕಥೆಯೇ ಬೇರೆ.

ನಮ್ಮ ಜಿಲ್ಲೆಯವರಿಗೆ ಇದು ಬೇಗ ಅರ್ಥವಾಗುತ್ತದೆ. ಬ್ಯಾಡಗಿ ಮಾರುಕಟ್ಟೆಗೆ ಬರುವ ಕೆಂಪು ಕಾಯಿಯೆಲ್ಲ ಬ್ಯಾಡಗಿ ಮೆಣಸಿನಕಾಯಿ ಅಲ್ಲ.

ಹಾಲಿಯ ದಿನಾಂಕ ಆ ಕಾಲದಲ್ಲಿ ಮೂರೇ ಗುರುತು. ಮೊದಲನೆಯದು ವರ್ಷದ ಕೊನೆಯ ಅಂಕಿ. ಎರಡನೆಯದು ತಿಂಗಳು. ಮೂರನೆಯದು ಆ ತಿಂಗಳ ಎಷ್ಟನೆಯ ವಾರ. ತಿಂಗಳು ಹನ್ನೆರಡು, ಜಾಗ ಒಂದೇ ಅಂಕಿಗೆ. ಅದಕ್ಕೇ ಜನವರಿಯಿಂದ ಸೆಪ್ಟೆಂಬರ್‌ವರೆಗೆ 1ರಿಂದ 9. ಅಕ್ಟೋಬರಿಗೆ 0. ನವೆಂಬರಿಗೆ ಇಂಗ್ಲಿಷಿನ ಎ. ಡಿಸೆಂಬರಿಗೆ ಇಂಗ್ಲಿಷಿನ ಬಿ.

ಈ ಬಿ ಅಕ್ಷರವೇ ನಮ್ಮನ್ನು ಸಿಕ್ಕಿಸಿದ್ದು.

ಒಹಾಯೋದ ಅಮ್ಮ

ಒಂದು ರಾತ್ರಿ ಒಹಾಯೋ ರಾಜ್ಯದ ವಯಸ್ಸಾದ ಒಬ್ಬ ಹೆಂಗಸಿನಿಂದ ಆರು ಫೋಟೊ ಬಂದವು. ಜೊತೆಗೆ ಒಂದು ಸಣ್ಣ ಪತ್ರ. ಗಂಡ ತೀರಿಕೊಂಡು ಎರಡು ವರ್ಷ. ಗ್ಯಾರೇಜ್ ಖಾಲಿ ಮಾಡುತ್ತಿದ್ದಾರೆ. ಮನೆಯ ಛಾವಣಿ ಒಂದು ಮೂಲೆಯಲ್ಲಿ ಸೋರುತ್ತಿದೆ, ಅದಕ್ಕೆ ಹಣ ಬೇಕು. ಬೀರುವಿನಲ್ಲಿ ಹಳೇ ನ್ಯೂಸ್‌ಪೇಪರಿನಲ್ಲಿ ಸುತ್ತಿದ ಈ ವಸ್ತು ಸಿಕ್ಕಿದೆ. ಇದನ್ನು ಬಿಸಾಡಬೇಡ ಎಂದು ಗಂಡ ಹೇಳುತ್ತಿದ್ದರು, ಯಾಕೆ ಎಂದು ಹೇಳಿರಲಿಲ್ಲ. ಹಳೇ ಸಾಮಾನು ಕೊಳ್ಳುವವರೊಬ್ಬರು ಬಂದು 60 ಡಾಲರ್ ಕೊಡುತ್ತೇನೆ ಎಂದಿದ್ದಾರೆ. ಕೊಡಬಹುದೇ?

ನಾವು ಫೋಟೊ ದೊಡ್ಡದು ಮಾಡಿದೆವು. ಹಾಲಿ. ಲಿಸ್ಟ್ 4053. ಮೇಲೆ 3923289.

ಅಷ್ಟೊತ್ತಿಗೆ ನಮಗೆ ಆ ನಂಬರು ಬಾಯಿಪಾಠವಾಗಿತ್ತು. 1969ರ ಷೆವರ್ಲೆ ಕಮಾರೊ ಝಡ್-28 ಕಾರಿನದು. ಆ ಕಾರಿನ ಎಂಜಿನ್ 302 ಘನ ಇಂಚು, ನಮ್ಮ ಲೆಕ್ಕದಲ್ಲಿ ಸುಮಾರು 4,950 ಸಿಸಿ. ನೂರು ಸಿಸಿಯ ಬೈಕುಗಳ ಹತ್ತಿರಹತ್ತಿರ ಐವತ್ತು ಎಂಜಿನ್ ಒಂದೇ ಕಡೆ. ಆಗಿನ ಟ್ರಾನ್ಸ್-ಆಮ್ ರೇಸಿನಲ್ಲಿ 305 ಘನ ಇಂಚು ದಾಟಬಾರದು ಎಂಬ ನಿಯಮವಿತ್ತು. ಆ ಮಿತಿಯೊಳಗೆ ಬರುವಂತೆ ಮಾಡಿದ ಎಂಜಿನ್ ಅದು. 1967ರಲ್ಲಿ ಝಡ್-28 ತಯಾರಾದದ್ದು 602 ಮಾತ್ರ. 1969ರಲ್ಲಿ 20,302.

ಈ ಕಾರ್ಬುರೇಟರ್ ನಿಮಿಷಕ್ಕೆ 780 ಘನ ಅಡಿ ಗಾಳಿ ಬಿಡಬಲ್ಲದು. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ, ಎಂಟು ಅಡಿ ಎತ್ತರದ ಕೋಣೆಯಲ್ಲಿ 800 ಘನ ಅಡಿ ಗಾಳಿ ಇರುತ್ತದೆ. ಅಂದರೆ ನಾವು ಕೂತಿದ್ದಂಥ ಕೋಣೆಯ ಗಾಳಿಯೆಲ್ಲ ಹೆಚ್ಚುಕಡಿಮೆ ಒಂದೇ ನಿಮಿಷದಲ್ಲಿ ಅದರ ನಾಲ್ಕು ಬಾಯಿಗೆ ಹೋಗುತ್ತದೆ.

60 ಡಾಲರಿಗೆ ಕೊಡಬೇಡಿ ಎಂದು ಅವರಿಗೆ ಬರೆದೆವು. ನಂಬರು, ಲಿಸ್ಟ್, ದಿನಾಂಕ ಎಲ್ಲ ಸೇರಿಸಿ ವಿವರಣೆ ಬರೆದೆವು. ದಿನಾಂಕ 882 ಎಂದು ಹಾಕಿದೆವು. 1968, ಆಗಸ್ಟ್, ಎರಡನೆಯ ವಾರ. ಬೆಳಗಿನ ಜಾವ ಮೂರು ಗಂಟೆಗೆ ಕಳಿಸಿ ಮಲಗಿದೆವು.

ಬೆಲೆ ಕಟ್ಟುವುದು

ಮುಂದಿನ ಕಥೆಗೆ ಹೋಗುವ ಮೊದಲು ಬೆಲೆ ಹೇಗೆ ಬರುತ್ತದೆ ಎಂದು ಹೇಳಬೇಕು.

ಮೊದಲನೆಯದು, ಯಾವ ಕಾರಿನದು. ಸಾಮಾನ್ಯ ಕಾರಿನದಾದರೆ ಸಾಮಾನ್ಯ ಬೆಲೆ. ಕಡಿಮೆ ತಯಾರಾದ, ಜನ ಹುಡುಕುವ ಕಾರಿನದಾದರೆ ಹೆಚ್ಚು.

ಎರಡನೆಯದು, ದಿನಾಂಕ. ಕಾರ್ಬುರೇಟರ್ ಮೊದಲು ತಯಾರಾಗಿ, ಕಾರು ಕಟ್ಟುವ ಕಾರ್ಖಾನೆಗೆ ಹೋಗಿ, ಅಲ್ಲಿ ಕೂರಬೇಕು. ಹಾಗಾಗಿ ಅದರ ದಿನಾಂಕ ಕಾರಿನ ದಿನಾಂಕಕ್ಕಿಂತ ಕೆಲ ವಾರ, ಹೆಚ್ಚೆಂದರೆ ಕೆಲ ತಿಂಗಳು ಮೊದಲಿರಬೇಕು. ಕಾರು ಹುಟ್ಟಿದ ಮೇಲೆ ಹುಟ್ಟಿದ ಕಾರ್ಬುರೇಟರ್ ಆ ಕಾರಿನ ಮೂಲದ್ದು ಆಗಲಾರದು. ತೀರಾ ಹಳೆಯದಾದರೂ ಅನುಮಾನ. ಕಮಾರೊ ಕಾರಿನ ಮೈಗೆ ಹೊಡೆದ ತಗಡಿನಲ್ಲಿ ತಿಂಗಳು, ವಾರ ಇರುತ್ತದೆ. ಕೊಳ್ಳುವವರು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಾರೆ. ಜಾತಕ ಕೂಡಿಸಿದ ಹಾಗೆ.

ಮೂರನೆಯದು, ಎಲ್ಲ ಭಾಗ ಅದರದೇ ಹೌದೇ. ದೊಡ್ಡ ರಿಪೇರಿ ಶೆಡ್ಡುಗಳಲ್ಲಿ ನೂರಾರು ಕಾರ್ಬುರೇಟರ್ ಒಟ್ಟಿಗೆ ಬಿಚ್ಚಿ, ತೊಳೆದು, ಸಿಕ್ಕ ಭಾಗ ಸೇರಿಸಿ ಜೋಡಿಸುತ್ತಿದ್ದರು. ಮೇಲಿನ ಭಾಗ ಒಂದರದು, ಬುಡ ಇನ್ನೊಂದರದು. ಹಾಲಿಯಲ್ಲಿ ಪೆಟ್ರೋಲ್ ಅಳೆದು ಬಿಡುವ ಒಳಗಿನ ತುಂಡಿಗೂ ನಂಬರು ಇರುತ್ತದೆ. ಅದನ್ನೂ ನೋಡಬೇಕು.

ನಾಲ್ಕನೆಯದು, ಸ್ಥಿತಿ. ಬಿರುಕು ಬಿಟ್ಟಿದೆಯೇ, ಸ್ಕ್ರೂ ಕೂರುವ ತೂತಿನ ಮರೆ ಸವೆದಿದೆಯೇ, ಆಕ್ಸಿಲರೇಟರ್ ಒತ್ತಿದಾಗ ತಿರುಗುವ ಸಣ್ಣ ಸರಳು ಅಲ್ಲಾಡುತ್ತದೆಯೇ. ಆ ಸರಳು ಸವೆದರೆ ಸಂದಿಯಿಂದ ಗಾಳಿ ನುಗ್ಗಿ ಎಂಜಿನ್ ಒಂದೇ ಹದದಲ್ಲಿ ನಿಲ್ಲುವುದಿಲ್ಲ.

ಐದನೆಯದು, ಮೈಬಣ್ಣ. ಹಾಲಿಯ ಮೈ ಸತುವಿನ ಮಿಶ್ರಲೋಹ. ಅದಕ್ಕೆ ಕಾರ್ಖಾನೆಯಲ್ಲಿ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿ ಒಂದು ಬಗೆಯ ಹಳದಿ ಬಂಗಾರದ ಛಾಯೆ ಕೊಡುತ್ತಿದ್ದರು. ಯಾರಾದರೂ ಹುರುಪಿನಿಂದ ಉಜ್ಜಿ ಬೆಳ್ಳಗೆ ಮಾಡಿದರೆ ಆ ಛಾಯೆ ಹೋಗುತ್ತದೆ, ಜೊತೆಗೆ ನಂಬರಿನ ಅಂಚೂ ಸವೆಯುತ್ತದೆ. ನಮ್ಮ ಮೊದಲ ವಾರದ ತಪ್ಪು ಇದೇ. ನಾವು ಮೆಚ್ಚಿದ ಹೊಳಪು ನಷ್ಟದ ಗುರುತಾಗಿತ್ತು.

ಕೊನೆಯದು, ಮೋಸ. ಅಗ್ಗದ ಕಾರ್ಬುರೇಟರಿನ ನಂಬರು ಅರೆದು ತೆಗೆದು, ದುಬಾರಿಯದರ ನಂಬರು ಒತ್ತುವವರಿದ್ದಾರೆ. ಆಗ ಅಕ್ಷರದ ಆಕಾರ, ಆಳ, ಸಾಲು, ನಡುವಿನ ಜಾಗ ನೋಡಬೇಕು. ಸುತ್ತಲಿನ ಎರಕದ ಒರಟು ಅಲ್ಲಿ ಮಾತ್ರ ನುಣುಪಾಗಿದ್ದರೆ ಏನೋ ನಡೆದಿದೆ ಎಂದೇ ಅರ್ಥ.

ಎಡಬದಿ ನೇರವಾಗಿತ್ತು

ನಾಲ್ಕೇ ದಿನದಲ್ಲಿ ಒಹಾಯೋದ ಅಮ್ಮನಿಗೆ ಗಿರಾಕಿ ಸಿಕ್ಕರು. 900 ಡಾಲರ್ ಒಪ್ಪಿದರು. ಅವರ ಕಾರು 1968ರ ಅಕ್ಟೋಬರಿನಲ್ಲಿ ತಯಾರಾದದ್ದು, 1969ರ ಮಾದರಿಯದು. ಆಗಸ್ಟಿನ ಕಾರ್ಬುರೇಟರ್ ತಮಗೆ ಹೇಳಿ ಮಾಡಿಸಿದ ಹಾಗಿದೆ ಎಂದು ಬರೆದಿದ್ದರು. ಆ ಅಮ್ಮ ನಮಗೆ ಕೃತಜ್ಞತೆ ಹೇಳಿ ಎರಡು ಸಾಲು ಕಳಿಸಿದ್ದರು. ನಮಗೂ ಖುಷಿ. ಒಂದು ಬಾತ್ಮಿ ಮೊದಲ ಪುಟದಲ್ಲಿ ಬಂದಷ್ಟು ಖುಷಿ.

ಆ ರಾತ್ರಿ ಖುಷಿಗೇ ಫೋಟೊಗಳನ್ನು ಮತ್ತೆ ತೆರೆದೆವು. ನಮ್ಮಲ್ಲೊಬ್ಬರು ದಿನಾಂಕದ ಫೋಟೊವನ್ನು ಪರದೆ ತುಂಬುವಷ್ಟು ದೊಡ್ಡದು ಮಾಡಿ ಸುಮ್ಮನಾದರು. ಇನ್ನೊಬ್ಬರು ಬಗ್ಗಿ ನೋಡಿದರು.

ಮೊದಲ 8ರ ಎಡಬದಿ ಎರಡು ಕಡೆ ಡೊಂಕಾಗಿತ್ತು. ಎರಡನೆಯದರ ಎಡಬದಿ ಗೋಡೆಯಂತೆ ನೇರವಾಗಿತ್ತು.

ಅದು 8 ಅಲ್ಲ. ಬಿ. 8, ಬಿ, 2. ಆಗಸ್ಟ್ ಅಲ್ಲ, ಡಿಸೆಂಬರ್. 1968ರ ಡಿಸೆಂಬರ್ ಎರಡನೆಯ ವಾರ.

ಅಕ್ಟೋಬರಿನಲ್ಲಿ ತಯಾರಾದ ಕಾರಿಗೆ ಡಿಸೆಂಬರಿನ ಕಾರ್ಬುರೇಟರ್. ಮಗುವಿಗಿಂತ ತಾಯಿ ಚಿಕ್ಕವಳು ಅಂದ ಹಾಗೆ.

ನಮ್ಮ ಕೈ ತಣ್ಣಗಾಯಿತು. ಪಾರ್ಸೆಲ್ ಇನ್ನೂ ಹೋಗಿರಲಿಲ್ಲ. ಹೋದ ಮೇಲೆ ಆ ಗಿರಾಕಿ ಕೈಯಲ್ಲಿ ಹಿಡಿದು ನೋಡುತ್ತಾರೆ. ಬೈಯುವುದು ನಮ್ಮನ್ನಲ್ಲ. ನಾವು ಯಾರೆಂದೇ ಅವರಿಗೆ ಗೊತ್ತಿಲ್ಲ. ಗಂಡನ ಸಾಮಾನು ಮಾರಿ ಛಾವಣಿ ರಿಪೇರಿ ಮಾಡಿಸಲು ಹೊರಟ ಆ ಅಮ್ಮನನ್ನೇ ಮೋಸಗಾತಿ ಅನ್ನುತ್ತಾರೆ.

ನಮಗೆ ಕೆಲಸ ಕೊಡುತ್ತಿದ್ದ ಮೇಲ್ವಿಚಾರಕರಿಗೆ ಫೋನ್ ಮಾಡಿದೆವು. ಅವರು ನಿದ್ದೆಗಣ್ಣಲ್ಲಿ, "ಫೋಟೊ ಇದೆಯಲ್ಲ, ನೋಡಿಕೊಂಡು ತಗೊಳ್ಳುವುದು ಗಿರಾಕಿಯ ಕೆಲಸ. ಆಗಿದ್ದು ಆಯ್ತು, ಬಿಡಿ" ಎಂದರು. ಅವರ ಮಾತಲ್ಲಿ ಲೆಕ್ಕವಿತ್ತು. ಮಾರಾಟ ಆದರೆ ಅವರಿಗೆ ಕಮಿಷನ್, ನಿಂತರೆ ಇಲ್ಲ.

ಇಬ್ಬರೂ ಅರ್ಧ ಗಂಟೆ ಜಗಳವಾಡಿದೆವು ಎಂದು ಒಪ್ಪಿಕೊಳ್ಳಬೇಕು. ಒಬ್ಬರು ಹೇಳಿದರು, ಈಗ ಹೇಳಿದರೆ ಆ ಅಮ್ಮನ 900 ಡಾಲರ್ ಹೋಗುತ್ತದೆ, ನಮ್ಮ ತಪ್ಪಿಗೆ ಅವರಿಗೆ ಯಾಕೆ ಶಿಕ್ಷೆ. ಇನ್ನೊಬ್ಬರು ಹೇಳಿದರು, ಹೇಳದಿದ್ದರೂ ಹೋಗುತ್ತದೆ, ಜೊತೆಗೆ ಮರ್ಯಾದೆಯೂ ಹೋಗುತ್ತದೆ. ಓದುವಾಗ ನಮಗೆ ತಿದ್ದುಪಡಿ ಬಗ್ಗೆ ಒಂದು ಪಾಠವಿತ್ತು. ತಪ್ಪು ಎಷ್ಟು ಬೇಗ ಗೊತ್ತಾಯಿತೋ ಅಷ್ಟು ಬೇಗ, ಅಷ್ಟೇ ದೊಡ್ಡದಾಗಿ ಒಪ್ಪಿಕೊಳ್ಳಬೇಕು ಎಂದು. ಪರೀಕ್ಷೆಯಲ್ಲಿ ಅದಕ್ಕೆ ಅಂಕ ತೆಗೆದಿದ್ದೆವು. ಮಾಡಿ ನೋಡಿರಲಿಲ್ಲ.

ಎರಡು ಗಂಟೆಗೆ ಇಬ್ಬರಿಗೂ ಬರೆದೆವು. ದಿನಾಂಕ ಓದುವುದರಲ್ಲಿ ತಪ್ಪು ನಮ್ಮದು, ಮಾರುವವರದಲ್ಲ. ಅದು 8 ಅಲ್ಲ, ಬಿ. ಆ ಅಂಚನ್ನು ದೊಡ್ಡದು ಮಾಡಿದ ಫೋಟೊ ಲಗತ್ತಿಸಿದ್ದೇವೆ. ಇಷ್ಟೇ.

ಗಿರಾಕಿ ಅರ್ಧ ಗಂಟೆಯಲ್ಲಿ ಉತ್ತರಿಸಿದರು. ತಿಳಿಸಿದ್ದಕ್ಕೆ ಒಳ್ಳೆಯದಾಯಿತು, ತಮಗೆ ಬೇಡ ಎಂದರು. ಆ ಅಮ್ಮ ಎರಡು ದಿನ ಉತ್ತರಿಸಲಿಲ್ಲ. ಆ ಎರಡು ದಿನ ನಮಗೆ ಊಟ ಸೇರಲಿಲ್ಲ ಅಂದರೆ ಹೆಚ್ಚಾಯಿತು, ಆದರೆ ರುಚಿಸಲಿಲ್ಲ. ಮೂರನೆಯ ದಿನ ಒಂದೇ ಸಾಲು ಬಂತು: ಹಾಗಾದರೆ ಡಿಸೆಂಬರಿನದು ಎಂದು ಬರೆದು ಮತ್ತೆ ಹಾಕಿ.

ಹಾಕಿದೆವು. ಈ ಸಲ ಕಾರ್ಬುರೇಟರಿನ ದಿನಾಂಕದ ಜೊತೆ, ಇದು ಸುಮಾರು 1969ರ ಜನವರಿ, ಫೆಬ್ರವರಿಯಲ್ಲಿ ಕಟ್ಟಿದ ಕಾರಿಗೆ ಸರಿಹೊಂದುತ್ತದೆ ಎಂದೂ ಬರೆದೆವು. ಮೂರು ವಾರ ಯಾರೂ ಕೇಳಲಿಲ್ಲ. ನಾಲ್ಕನೆಯ ವಾರ ಒಬ್ಬರು ಕೇಳಿದರು. ಅವರ ಕಾರು ಜನವರಿ ಮೂರನೆಯ ವಾರದ್ದು. ಕಾರ್ಬುರೇಟರಿಗೂ ಕಾರಿಗೂ ಐದು ವಾರದ ಅಂತರ. ಇಂಥದ್ದಕ್ಕೆ ಅವರು ಬಹಳ ದಿನದಿಂದ ಹುಡುಕುತ್ತಿದ್ದರಂತೆ. 1,100 ಡಾಲರಿಗೆ ಹೋಯಿತು. ಇದು ಆ ಒಂದು ವಸ್ತುವಿಗೆ ಆ ಹೊತ್ತಿಗೆ ಬಂದ ಬೆಲೆ, ಇದನ್ನು ದರಪಟ್ಟಿ ಎಂದು ತಿಳಿಯಬೇಡಿ.

ಆ ತಿಂಗಳ ಲೆಕ್ಕದಲ್ಲಿ ಆ ವಸ್ತುವಿನ ಹಣ ನಮಗೆ ಕಡಿತವಾಯಿತು. ಎರಡು ಸಲ ಬರೆದದ್ದಕ್ಕೆ ದಂಡ ಎಂದು ಕಾರಣ ಕೊಟ್ಟಿದ್ದರು. ನಾವು ವಾದಿಸಲಿಲ್ಲ.

ನಿಮ್ಮ ಮನೆಯ ಅಟ್ಟ

ನಮ್ಮ ಅಟ್ಟಗಳಲ್ಲಿ ಕಮಾರೊ ಕಾರಿನ ಕಾರ್ಬುರೇಟರ್ ಸಿಗಲಿಕ್ಕಿಲ್ಲ. ಆದರೆ ಅಜ್ಜ ಬಿಸಾಡಬೇಡ ಅಂದ ಯಾವುದೋ ಒಂದು ಸಾಮಾನು ಎಲ್ಲರ ಮನೆಯಲ್ಲೂ ಇರುತ್ತದೆ. ಹಳೇ ಬೈಕಿನ ಭಾಗವೋ, ರೇಡಿಯೊವೋ, ಪಂಪ್‌ಸೆಟ್ಟೋ. ಕೊಳ್ಳಲು ಯಾರಾದರೂ ಬಾಗಿಲಿಗೇ ಬಂದರೆ ಮೂರು ಕೆಲಸ ಮಾಡಿ.

ಉಜ್ಜಬೇಡಿ. ಒಣ ಬಟ್ಟೆಯಲ್ಲಿ ಧೂಳು ಒರೆಸಿ, ಅಷ್ಟು ಸಾಕು. ಹುಣಸೆಹಣ್ಣು, ಸ್ಯಾಂಡ್‌ಪೇಪರ್ ಹತ್ತಿರ ತರಬೇಡಿ.

ಎಲ್ಲೆಲ್ಲಿ ನಂಬರು ಒತ್ತಿದೆಯೋ ಅಲ್ಲೆಲ್ಲ ಫೋಟೊ ತೆಗೆಯಿರಿ. ಮೊಬೈಲಿನ ಟಾರ್ಚನ್ನು ನೇರ ಹಿಡಿಯಬೇಡಿ, ಬದಿಯಿಂದ ಓರೆಯಾಗಿ ಹಿಡಿಯಿರಿ. ಆಗ ತಗ್ಗಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಇದನ್ನು ಮೊದಲೇ ಆ ಅಮ್ಮನಿಗೆ ಹೇಳಿದ್ದರೆ ನಮಗೆ ಆ ರಾತ್ರಿ ಬರುತ್ತಿರಲಿಲ್ಲ.

ಅವಸರ ಮಾಡುವ ಗಿರಾಕಿಗೆ ಅವತ್ತೇ ಕೊಡಬೇಡಿ. ಒಂದು ದಿನ ಕಾಯಿರಿ ಅಂದರೆ ಕಾಯದವರು ಏನನ್ನೋ ನೋಡಿರುತ್ತಾರೆ, ನೀವು ನೋಡಿರುವುದಿಲ್ಲ.

ಆ ಕೆಲಸ ನಾವು ಬಿಟ್ಟೆವು. ಈಗ ಊರಿನ ಸುದ್ದಿಗಳನ್ನೇ ಬರೆಯುತ್ತೇವೆ. ಹೋದ ತಿಂಗಳು ಒಬ್ಬ ರೈತರು ತಮ್ಮ ಪಹಣಿಯ ಫೋಟೊ ಕಳಿಸಿ, ಸರ್ವೆ ನಂಬರು ತಪ್ಪಾಗಿ ಹತ್ತಿದೆ, ಇದನ್ನು ಬರೆಯಿರಿ ಎಂದರು. ಬರೆಯುವ ಮೊದಲು ಇಬ್ಬರೂ ಬೇರೆಬೇರೆ ಕೂತು ಆ ನಂಬರು ಓದಿ, ಚೀಟಿಯಲ್ಲಿ ಬರೆದು, ಆಮೇಲೆ ಹೋಲಿಸಿ ನೋಡಿದೆವು. ಒಬ್ಬರು 38 ಎಂದು ಬರೆದಿದ್ದೆವು, ಇನ್ನೊಬ್ಬರು 33. ಮರುದಿನ ಬಸ್ಸು ಹತ್ತಿ ಹೋಗಿ ಕಾಗದವನ್ನೇ ಕೈಯಲ್ಲಿ ಹಿಡಿದು ನೋಡಿದೆವು.

38 ಆಗಿತ್ತು. ಎಡಬದಿ ಎರಡೂ ಕಡೆ ಡೊಂಕು.